ಸೂಜಿ ಮೇಡಂ ಮತ್ತು ಪಟ್ಟೆಹುಲಿ

"ಮೊದಲು ಬೆಲ್ಟ್ ಬಿಚ್ಚಿ," ಅಂದಳು ಅವಳು, ಯಂತ್ರದಿಂದ ಕಣ್ಣು ಕೀಳದೆ.

ಬಾಗಿಲಲ್ಲಿ ನಿಂತ ಮನುಷ್ಯ ಒಮ್ಮೆ ಹಿಂದೆ ತಿರುಗಿ ನೋಡಿದನಂತೆ, ಈ ಮಾತು ಬೇರೆ ಯಾರಿಗೋ ಇರಬೇಕು ಅಂತ. ಹಿಂದೆ ಇದ್ದದ್ದು ನೆಲಮಾಳಿಗೆಯ ಉದ್ದನೆಯ ಕಾರಿಡಾರು, ಗೋಡೆಗೆ ಒರಗಿಸಿದ ಒಂದು ಏಣಿ. ಇದನ್ನು ಅವನು ಹೇಳಿದ್ದು ಬಹಳ ದಿನ ಆದಮೇಲೆ, ಇಬ್ಬರೂ ಅದಕ್ಕೆ ನಗುವ ಕಾಲ ಬಂದಮೇಲೆ. ಆ ಬೆಳಿಗ್ಗೆ ಮಾತ್ರ ನಗುವ ಲಕ್ಷಣ ಯಾರ ಮುಖದಲ್ಲೂ ಇರಲಿಲ್ಲ.

"ನನಗೆ ಹೇಳಿದ್ರಾ?"

"ಇನ್ಯಾರಿಗೆ? ಬೆಲ್ಟು, ವಾಚು, ಕೀಲಿಕೈ, ಮೊಬೈಲು, ಜೇಬಲ್ಲಿರೋ ಚಿಲ್ಲರೆ. ಎಲ್ಲ ಆ ಬುಟ್ಟಿಗೆ ಹಾಕಿ, ಆಮೇಲೆ ಹಳದಿ ಗೆರೆ ದಾಟಿ."

ಅವನು ಬುಟ್ಟಿಯನ್ನೊಮ್ಮೆ ನೋಡಿದ. "ನಾನು ಜಗಳ ಆಡೋಕೆ ಬಂದಿದ್ದೆ. ಬೆಲ್ಟ್ ಬಿಚ್ಚಿಟ್ಟು ಜಗಳ ಆಡಿ ಅಭ್ಯಾಸ ಇಲ್ಲ. ಇಲ್ಲಿಂದಲೇ ಆಡಬಹುದಾ?"

ಆಗ ಅವಳು ತಲೆ ಎತ್ತಿದಳು. ಎತ್ತರದ ಆಳು, ಬಿಸಿಲಿಗೆ ಕಂದಿದ ಮುಖ, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ಕಣ್ಣು ಮಾತ್ರ ಜಗಳಗಂಟರ ಕಣ್ಣಲ್ಲ. ಮೊದಲ ದಿನ ಶಾಲೆಗೆ ಬಂದ ಹುಡುಗ ಯಾವ ಬೆಂಚಲ್ಲಿ ಕೂರಲಿ ಅಂತ ಕೇಳುವ ಹಾಗಿತ್ತು ಅವನ ನೋಟ.

ಅವಳಿಗೆ ನಗು ಬಂತು. ಬಂದ ನಗುವನ್ನು ನುಂಗಿಕೊಂಡು, "ಆಡಿ," ಅಂದಳು.

ಕಡಲ ಸಂಶೋಧನೆಯ ಆ ಸಂಸ್ಥೆ ಇದ್ದದ್ದು ಬಂದರಿನ ಹಿಂದಿನ ಬೀದಿಯ ಹಳೆಯ ಕಟ್ಟಡದಲ್ಲಿ. ಅವಳ ಲ್ಯಾಬ್ ನೆಲಮಾಳಿಗೆಯಲ್ಲಿ. ಗೋಡೆ, ಚಾವಣಿ, ನೆಲಕ್ಕೆಲ್ಲ ವಿಶೇಷ ಲೋಹದ ತಗಡು ಹೊದಿಸಿ, ಭೂಮಿಯ ಕಾಂತತ್ವ ಒಳಗೆ ಬಾರದ ಹಾಗೆ ಕಟ್ಟಿದ ಕೋಣೆ. ಅಲ್ಲಿ ದಿಕ್ಸೂಚಿ ಇಟ್ಟರೆ ಉತ್ತರ ಯಾವುದು ಅಂತ ಅದಕ್ಕೇ ತೋಚುತ್ತಿರಲಿಲ್ಲ. ಕಡಲ ತಳದಿಂದ ಕೊರೆದು ತಂದ ಮಣ್ಣಿನ, ಕಲ್ಲಿನ ಸಣ್ಣ ತುಂಡುಗಳನ್ನು ಅಲ್ಲಿ ಯಂತ್ರದೊಳಗಿಟ್ಟು, ಅವುಗಳಲ್ಲಿ ಉಳಿದ ಕೋಟ್ಯಂತರ ವರ್ಷ ಹಳೆಯ ಕಾಂತತ್ವ ಯಾವ ಕಡೆಗೆ ತಿರುಗಿದೆ ಅಂತ ಅಳೆಯುವುದು ಅವಳ ಕೆಲಸ. ಪಿಸುಮಾತಿಗಿಂತ ಕ್ಷೀಣವಾದ ಸಂಗತಿ ಅದು. ಒಂದು ಕಬ್ಬಿಣದ ಬಕಲ್ ಹತ್ತಿರ ಸುಳಿದರೂ ದಿನವಿಡೀ ಮಾಡಿದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಕಾಂತಕ್ಕೆ ಹಳಬರು ಸೂಜಿಗಲ್ಲು ಅನ್ನುತ್ತಾರೆ. ಅದರಿಂದಲೋ, ಅವಳ ಮಾತಿನ ಮೊನೆಯಿಂದಲೋ, ಸಂಸ್ಥೆಯವರೆಲ್ಲ ಅವಳನ್ನು ಸೂಜಿ ಮೇಡಂ ಅನ್ನುತ್ತಿದ್ದರು. ಎದುರಿಗೇ ಅನ್ನುತ್ತಿದ್ದರು, ಅವಳೂ ಓ ಅನ್ನುತ್ತಿದ್ದಳು.

ಅವನದು ಮೂರನೇ ಮಹಡಿಯ ನಕ್ಷೆ ವಿಭಾಗ. ನಡುಗಡಲಿನ ತಳದಲ್ಲಿ ಉದ್ದಕ್ಕೂ ಒಂದು ಬಿರುಕು. ಅಲ್ಲಿ ಉಕ್ಕಿದ ಲಾವಾ ಆರಿ ಕಲ್ಲಾಗಿ, ಎಡಕ್ಕಷ್ಟು ಬಲಕ್ಕಷ್ಟು ಸರಿಯುತ್ತಾ ಹೋಗುತ್ತದೆ. ಆರುವ ಹೊತ್ತಿಗೆ ಭೂಮಿಯ ಕಾಂತತ್ವ ಯಾವ ಕಡೆಗಿತ್ತೋ ಆ ದಿಕ್ಕನ್ನು ಕಲ್ಲು ಹಿಡಿದಿಟ್ಟುಕೊಳ್ಳುತ್ತದೆ. ಭೂಮಿಯೋ, ಲಕ್ಷಾಂತರ ವರ್ಷಕ್ಕೊಮ್ಮೆ ಉತ್ತರ ದಕ್ಷಿಣವನ್ನೇ ಅದಲುಬದಲು ಮಾಡಿಕೊಳ್ಳುವ ಪೈಕಿ. ಹಾಗಾಗಿ ಕಡಲ ತಳದಲ್ಲಿ ಒಂದು ಪಟ್ಟೆ ಹೀಗೆ, ಪಕ್ಕದ್ದು ಹಾಗೆ. ಹಡಗಿನ ಹಿಂದೆ ಯಂತ್ರ ಎಳೆದುಕೊಂಡು ಹೋಗಿ ಆ ಪಟ್ಟೆಗಳನ್ನು ಅಳೆದು, ಕಪ್ಪು ಬಿಳುಪಿನಲ್ಲಿ ಬಿಡಿಸುವವನು ಅವನು. ಗೋಡೆ ತುಂಬ ಪಟ್ಟೆ, ಬಾಯಿ ಬಿಟ್ಟರೆ ಪಟ್ಟೆ. ಅವನಿಗೆ ಪಟ್ಟೆಹುಲಿ ಅಂತ ಹೆಸರು ಬಿದ್ದಿತ್ತು. ಹುಲಿಯ ಗುಣ ಒಂದೂ ಇರಲಿಲ್ಲ; ಕ್ಯಾಂಟೀನಿನ ಸಾಲಿನಲ್ಲಿ ಯಾರಾದರೂ ನುಗ್ಗಿದರೆ ಜರುಗಿ ಜಾಗ ಕೊಡುವ ಪ್ರಾಣಿ. ವರ್ಷದ ಅರ್ಧ ಹಡಗಿನಲ್ಲೇ ಇರುತ್ತಿದ್ದರಿಂದ ಸೂಜಿ ಅವನನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಜಗಳದ ವಿಷಯ ಇಷ್ಟೇ. ಕಡಲ ತಳದ ಒಂದು ದೊಡ್ಡ ಚಪ್ಪಡಿ ಉತ್ತರಕ್ಕೆ ಸರಿಯುತ್ತಿದೆ. ಎಷ್ಟು ದೂರ ಬಂದಿದೆ ಅನ್ನುವುದು ಪ್ರಶ್ನೆ. ಭೂಮಧ್ಯರೇಖೆಯ ಹತ್ತಿರ ಕಾಂತತ್ವ ಅಡ್ಡಡ್ಡ ಮಲಗಿರುತ್ತದೆ, ಧ್ರುವದ ಕಡೆ ಹೋದಷ್ಟೂ ನೆಲದೊಳಕ್ಕೆ ಬಾಗುತ್ತದೆ. ಹಾಗಾಗಿ ಮಣ್ಣಿನೊಳಗಿನ ಬಾಗು ನೋಡಿದರೆ ಅದು ಹುಟ್ಟಿದ್ದೆಲ್ಲಿ ಅಂತ ಹೇಳಬಹುದು. ಸೂಜಿಯ ಮಣ್ಣಿನ ಪ್ರಕಾರ ಆ ಚಪ್ಪಡಿ ಭೂಮಧ್ಯರೇಖೆಯ ಪಕ್ಕದಿಂದ ಹೊರಟು ಬಹಳ ದೂರ ಬಂದಿತ್ತು. ಪಟ್ಟೆಹುಲಿಯ ಪಟ್ಟೆಗಳ ಪ್ರಕಾರ ಅದರ ಅರ್ಧ ದೂರವೂ ಬಂದಿರಲಿಲ್ಲ. ಈ ಸಲ ಹಡಗಿಗೆ ಕೊರೆಯಲು ಸಿಗುವುದು ಒಂದೇ ಬಾವಿ. ಅವಳು ಒಂದು ಜಾಗ ಹೇಳಿದ್ದಳು, ಅವನು ಇನ್ನೊಂದು. ನಿವೃತ್ತಿಯ ಹೊಸ್ತಿಲಲ್ಲಿದ್ದ ನಿರ್ದೇಶಕರು, ಇಬ್ಬರೂ ಕೂತು ಮಾತಾಡಿ ಒಂದು ಜಾಗ ಹೇಳಿ, ಇಲ್ಲದಿದ್ದರೆ ಹಡಗನ್ನು ಮೀನಿನ ವಿಭಾಗದವರಿಗೆ ಕೊಟ್ಟುಬಿಡ್ತೀನಿ ಅಂದಿದ್ದರು.

ಮೊದಲ ದಿನ ಅವನು ಗೆರೆಯ ಆಚೆಯಿಂದಲೇ ವಾದ ಮಾಡಿದ. ನಕ್ಷೆ ತೋರಿಸಬೇಕಾಗಿ ಬಂದಾಗ ಅದನ್ನು ಕಾರಿಡಾರಿನ ನೆಲದ ಮೇಲೆ ಹಾಸಿದ. ಅವಳು ಗೆರೆಯ ಈಚೆಗೆ ಕುಕ್ಕರಗಾಲಲ್ಲಿ ಕೂತು ಕತ್ತು ಉದ್ದ ಮಾಡಿ ನೋಡಿದಳು. ಎರಡನೇ ದಿನ ಅವನು ಸೋತು ಬೆಲ್ಟನ್ನು ಬುಟ್ಟಿಗೆ ಹಾಕಿ ಒಳಗೆ ಬಂದ.

ಕಡಲ ಮೇಲಿನ ಊಟದಿಂದ ಅವನು ಸೊರಗಿದ್ದ; ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಎಡಗೈಯಲ್ಲಿ ಅದನ್ನು ಹಿಡಿದುಕೊಂಡು, ಬಲಗೈಯಲ್ಲಿ ಪಟ್ಟೆ ತೋರಿಸುತ್ತಾ, ಕೋಟಿ ವರ್ಷಗಳ ಲೆಕ್ಕ ಹೇಳುತ್ತಿದ್ದ. ಸೂಜಿಗೆ ಲೆಕ್ಕ ಕಿವಿಗೆ ಬೀಳುತ್ತಿರಲಿಲ್ಲ. ಅವನು ಆವೇಶದಲ್ಲಿ ಎರಡೂ ಕೈ ಎತ್ತಿಬಿಟ್ಟರೆ ಏನು ಗತಿ ಅನ್ನುವುದೇ ಅವಳ ಚಿಂತೆ.

"ಒಂದೇ ಕೈಯಲ್ಲಿ ವಾದ ಮಾಡೋರನ್ನ ನಾನು ನೋಡಿದ್ದು ಇದೇ ಮೊದಲು," ಅಂದಳು.

"ಎರಡು ಕೈ ಸಿಕ್ಕಿದ್ರೆ ಗೆದ್ದುಬಿಡ್ತಿದ್ದೆ," ಅಂದ ಅವನು, ನಗದೆ. ಆದರೆ ಕಣ್ಣಿನ ತುದಿಯಲ್ಲಿ ಏನೋ ಒಂದು ಮಿಂಚಿ ಅಡಗಿತು. ಆ ಮಿಂಚು ಮತ್ತೆ ಯಾವಾಗ ಬಂದೀತು ಅಂತ ಅವಳು ಆ ದಿನವೆಲ್ಲ ಕಾದಳು. ತಾನು ಕಾಯುತ್ತಿದ್ದೇನೆ ಅಂತ ಗೊತ್ತಾದದ್ದು ಸಂಜೆ, ಬಸ್ಸಿನಲ್ಲಿ.

ಅವಳನ್ನು ಸಾಕಿದ್ದು ಸೋದರತ್ತೆ. ಅಪ್ಪ ಅಮ್ಮ ಇಬ್ಬರೂ ಚಿಕ್ಕಂದಿನಲ್ಲೇ ಹೋದಮೇಲೆ, ಅಪ್ಪನ ಅಕ್ಕ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡು, ಮಿಷನ್ ತುಳಿದು ತುಳಿದೇ ಅವಳನ್ನು ಓದಿಸಿದ್ದರು. ಈಗಲೂ ಆ ಕೋಣೆಯಲ್ಲಿ ಬಟ್ಟೆ ಚೂರು, ಸೀಮೆಸುಣ್ಣದ ಪುಡಿ, ಇಸ್ತ್ರಿಯ ಬಿಸಿ ವಾಸನೆ. ಆ ಸಂಜೆ ಸೂಜಿ ಅಲ್ಲಿನ ಸ್ಟೂಲಿನ ಮೇಲೆ ಕೂತು, ಆಫೀಸಿನವರೊಬ್ಬರಿಗೆ ಒಂದು ಪ್ಯಾಂಟು ಹೊಲಿದುಕೊಡಬೇಕು, ಬಕಲ್ ಇರಬಾರದು, ಗುಂಡಿ ಜಿಪ್ಪು ಏನೂ ಇರಬಾರದು, ಲಾಡಿ ಸಾಕು, ಲ್ಯಾಬಿನ ಕೆಲಸಕ್ಕೆ ಅಂತ ಹೇಳಿದಳು.

"ಅಳತೆ?" ಅಂದರು ಅತ್ತೆ.

ಸೂಜಿ ಸೊಂಟ ಇಷ್ಟು ಅಂದಳು. ಉದ್ದ ಎಷ್ಟು ಅಂದಾಗ ಅದನ್ನೂ ಹೇಳಿದಳು. ಬುಟ್ಟಿಯಲ್ಲಿ ಬಿದ್ದಿರುತ್ತಿದ್ದ ಬೆಲ್ಟಿನ ಸವೆದ ತೂತನ್ನು ಅವಳು ನೋಡಿದ್ದಳು. ಉಳಿದದ್ದು ಅಳತೆಯವಳ ಕಣ್ಣಂದಾಜು.

ಅತ್ತೆ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಅವಳನ್ನೇ ನೋಡಿದರು.

"ನೀನು ಅಲ್ಲಿ ಕಲ್ಲು ಅಳೀತೀಯ ಅಂದ್ಕೊಂಡಿದ್ದೆ," ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸೂಜಿ, ಅವರು ನನಗೆ ಏನೂ ಅಲ್ಲ, ಬರೀ ಜಗಳ ಆಡೋಕೆ ಬರ್ತಾರೆ ಅಂದಳು. ಅತ್ತೆ ಏನೂ ಕೇಳಿರಲಿಲ್ಲ. ಮಿಷನ್ನಿಗೆ ದಾರ ಪೋಣಿಸುತ್ತಾ ಹೂಂ ಅಂದರು ಅಷ್ಟೆ.

ಹೊಸ ಪ್ಯಾಂಟು ಬೂದು ಬಣ್ಣದ್ದು. ಅದನ್ನು ಕೊಟ್ಟಾಗ ಪಟ್ಟೆಹುಲಿ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ. ತನಗೆ ಅಂತ ಯಾರೋ ಬಟ್ಟೆ ಹೊಲಿಸಿ ಎಷ್ಟು ಕಾಲವಾಯಿತು ಅಂತ ನೆನಪಿಸಿಕೊಳ್ಳುವವನ ಹಾಗೆ. ಅವನಿಗಿದ್ದದ್ದು ಬೇರೆ ಊರಲ್ಲಿರುವ ಒಬ್ಬ ಅಣ್ಣ; ಹಡಗಿನವನಿಗೆ ಯಾರು ಹೆಣ್ಣು ಕೊಡ್ತಾರೆ ಅಂತ ಮನೆಯವರು ಹುಡುಕುವುದನ್ನೇ ಬಿಟ್ಟಿದ್ದರಂತೆ. ಇದನ್ನು ಅವನು ಬೇಸರವಿಲ್ಲದೆ, ಹವಾಮಾನದ ವರದಿ ಕೊಡುವವನ ಹಾಗೆ ಹೇಳಿದ. ಪ್ಯಾಂಟು ಅಚ್ಚುಕಟ್ಟಾಗಿ ಕೂತಿತ್ತು. ಎರಡೂ ಕೈ ಬಿಡುವಾಗಿ, ಗೆರೆ ದಾಟಿ ಬಂದ.

ಯಂತ್ರ ಹುಚ್ಚೆದ್ದಿತು. ಪರದೆಯ ಮೇಲಿನ ಸಂಖ್ಯೆಗಳು ಕುಣಿಯತೊಡಗಿದವು.

"ನಿಮ್ಮ ಮೈಮೇಲೆ ಕಬ್ಬಿಣ ಇದೆ," ಅಂದಳು ಸೂಜಿ.

ಅವನು ಇಲ್ಲ ಅಂದ. ಜೇಬು ಹೊರಗೆ ಎಳೆದು ತೋರಿಸಿದ. ಹೊರಗೆ ಹೋಗಿ ಬಂದ, ಮತ್ತೆ ಅದೇ ಕುಣಿತ. ಕೊನೆಗೆ ಅವಳು ಅವನನ್ನು ಕಾರಿಡಾರಿನ ದೀಪದ ಕೆಳಗೆ ನಿಲ್ಲಿಸಿ, ಡ್ರಾಯರಿನಿಂದ ಪುಟ್ಟ ದಿಕ್ಸೂಚಿ ತಂದು, ಅವನ ಭುಜದಿಂದ ಶುರು ಮಾಡಿ ನಿಧಾನವಾಗಿ ಕೆಳಗೆ ತಂದಳು. ತೋಳಿನ ಬಳಿ ಮುಳ್ಳು ನಿಶ್ಚಲ. ಎದೆಯ ಬಳಿ ನಿಶ್ಚಲ. ಅಲ್ಲಿ ಕದಲುತ್ತಿದ್ದದ್ದು ಬೇರೇನೋ, ಅದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಅವನು ಉಸಿರು ಬಿಗಿಹಿಡಿದು ಚಾವಣಿ ನೋಡುತ್ತಿದ್ದ. ಅವಳು ನೆಲಕ್ಕೆ ಮೊಣಕಾಲೂರಿದಳು. ಬಲಗಾಲಿನ ಪಾದದ ಹತ್ತಿರ ಬಂದಾಗ ಮುಳ್ಳು ಬೆಚ್ಚಿಬಿದ್ದ ಹಾಗೆ ತಿರುಗಿತು.

ಪ್ಯಾಂಟಿನ ಮಡಿಕೆಯೊಳಗೆ ಒಂದು ಗುಂಡುಪಿನ್ನು.

ಅವಳು ಅದನ್ನು ಎಳೆದು ತೆಗೆದು ತಲೆ ಎತ್ತಿದಳು. ಅವನು ಅದೇ ಹೊತ್ತಿಗೆ ತಲೆ ತಗ್ಗಿಸಿದ. ಹಾಗೆ ಎಷ್ಟು ಹೊತ್ತು ಇದ್ದರೋ, ಲಿಫ್ಟಿನ ಬಾಗಿಲು ತೆರೆದ ಸದ್ದಿಗೆ ಇಬ್ಬರೂ ಒಟ್ಟಿಗೆ ಬೇರೆ ಬೇರೆ ಗೋಡೆ ನೋಡಿದರು.

ನಲವತ್ತು ವರ್ಷ ಬಟ್ಟೆ ಹೊಲಿದ ಅತ್ತೆ ಒಂದು ದಿನಕ್ಕೂ ಗಿರಾಕಿಯ ಬಟ್ಟೆಯಲ್ಲಿ ಪಿನ್ನು ಬಿಟ್ಟವರಲ್ಲ. ಸೂಜಿ ಕೇಳಿದಾಗ, "ಮರೆತಿರಬೇಕು. ವಯಸ್ಸಾಯ್ತಲ್ಲ," ಅಂದರು. ಮುಖದಲ್ಲಿ ಮರೆತವರ ಲಕ್ಷಣ ಇರಲಿಲ್ಲ. ಹಾಗಿದ್ದಮೇಲೆ ಅವರನ್ನೇ ಕರೆದುಕೊಂಡು ಬಾ, ಎಲ್ಲಿ ಸಡಿಲ ಎಲ್ಲಿ ಬಿಗಿ ನೋಡ್ತೀನಿ ಅಂತಲೂ ಸೇರಿಸಿದರು.

ಭಾನುವಾರ ಅವನು ಬಂದ. ಅಂಗಡಿಯ ಸ್ಟೂಲಿನ ಮೇಲೆ ಮೊಣಕಾಲು ಜೋಡಿಸಿ ಕೂತ. ಏನೆಂದು ಕರೆಯಬೇಕೋ ತಿಳಿಯದೆ ಒಂದೆರಡು ಸಲ ತಡವರಿಸಿ, ಸೂಜಿ ಕರೆಯುವುದನ್ನೇ ಕೇಳಿಸಿಕೊಂಡು, "ಪ್ಯಾಂಟು ತುಂಬಾ ಚೆನ್ನಾಗಿದೆ, ಅತ್ತೆ," ಅಂದುಬಿಟ್ಟ.

ಅತ್ತೆ ಕತ್ತರಿ ಕೆಳಗಿಟ್ಟರು. "ಇವಳಿಗೆ ನಾನು ಅತ್ತೆ, ಸರಿ. ನಿಮಗೆ ಯಾವ ಲೆಕ್ಕದಲ್ಲಿ ಅತ್ತೆ?"

ಪಟ್ಟೆಹುಲಿಯ ಮುಖ ಕಿವಿಯ ತುದಿಯವರೆಗೆ ಕೆಂಪಾಯಿತು. ಸೂಜಿ ಒಳಗೆ ಟೀ ಮಾಡಲು ಎದ್ದು ಹೋದಳು. ನೀರು ಕುದಿದು ಅರ್ಧವಾದರೂ ಅವಳಿಗೆ ಟೀ ಪುಡಿಯ ಡಬ್ಬಿ ಸಿಗಲಿಲ್ಲ. ಅದು ಅವಳ ಕೈಯಲ್ಲೇ ಇತ್ತು.

ಅಷ್ಟರಲ್ಲಿ ಕೆಲಸದಲ್ಲಿ ಒಂದು ತಿರುವು ಬಂತು. ಒಂದು ದಿನ ಅವನು ಮಾತಿನ ನಡುವೆ, ಕಡಲ ತಳದ ಮಣ್ಣು ಮೇಲಿನ ಭಾರಕ್ಕೆ ಚಪ್ಪಟೆಯಾಗುತ್ತಲ್ಲ, ಅದರೊಳಗಿನ ಕಾಂತದ ಕಣಗಳೂ ಮಲಗಿಬಿಡಲ್ವಾ, ಆಗ ಬಾಗು ಇದ್ದದ್ದಕ್ಕಿಂತ ಕಡಿಮೆ ಕಾಣಲ್ವಾ ಅಂತ ಕೇಳಿದ. ಸೂಜಿ ಉರಿದುಬಿದ್ದಳು. ಅದು ನನಗೆ ಗೊತ್ತಿಲ್ಲವೇ, ಅದಕ್ಕೆ ಎಷ್ಟು ಬಿಡಬೇಕೋ ಅಷ್ಟು ಲೆಕ್ಕದಲ್ಲಿ ಬಿಟ್ಟಿದ್ದೀನಿ ಅಂದಳು. ಅಂದು ಸುಮ್ಮನಿರಲಾರದೆ, ನಿಮ್ಮ ಆ ಪಟ್ಟೆ ನೋಡಿ, ಅಷ್ಟು ಅಗಲದ್ದು ಒಂದೇ ಹೇಗೆ ಆದೀತು, ನಡುವೆ ಸಣ್ಣದೊಂದನ್ನು ನೀವು ನುಂಗಿಹಾಕಿದ್ದೀರಿ ಅಂತ ಕುಟುಕಿದಳು. ಅವನೂ ಜೀವನದಲ್ಲಿ ಮೊದಲ ಸಲ ಮುಖ ಗಂಟು ಹಾಕಿಕೊಂಡು ಮಹಡಿ ಹತ್ತಿದ.

ಒಂದು ವಾರ ಅವನು ಕೆಳಗೆ ಬರಲಿಲ್ಲ. ಬುಟ್ಟಿ ಖಾಲಿ. ಸೂಜಿಗೆ ಕೋಣೆ ಎಂದಿಗಿಂತ ನಿಶ್ಶಬ್ದ ಅನಿಸಿತು. ಸಿಟ್ಟಿನ ಭರದಲ್ಲೇ ಅವಳು ಪರೀಕ್ಷೆಗೆ ಇಳಿದಳು. ಅದೇ ಕಡಲಿನ ಮಣ್ಣನ್ನು ನೀರಲ್ಲಿ ಕದಡಿ, ತನಗೆ ಗೊತ್ತಿರುವ ಬಾಗಿನ ಕಾಂತತ್ವದಲ್ಲಿ ತಳಕ್ಕೆ ಇಳಿಯಲು ಬಿಟ್ಟು, ಒತ್ತುವ ಯಂತ್ರಕ್ಕೆ ಕೊಟ್ಟಳು. ಒತ್ತಿದಳು, ಅಳೆದಳು. ಇನ್ನೂ ಒತ್ತಿದಳು, ಅಳೆದಳು. ಬಾಗು ಕಣ್ಣೆದುರೇ ಕಡಿಮೆಯಾಗುತ್ತಾ ಹೋಯಿತು. ಅವಳು ಬಿಟ್ಟಿದ್ದ ಲೆಕ್ಕ ಈ ಜಿಗುಟು ಮಣ್ಣಿಗೆ ಏನೇನೂ ಸಾಲದು. ಚಪ್ಪಡಿ ಅಷ್ಟು ದೂರದಿಂದ ಬಂದಿರಲೇ ಇಲ್ಲ.

ಮಾರನೇ ಬೆಳಿಗ್ಗೆ ಇಬ್ಬರನ್ನೂ ನಿರ್ದೇಶಕರು ಕರೆಸಿದ್ದರು. ಸೂಜಿ ಮೆಟ್ಟಿಲು ಹತ್ತುವಾಗ ಅಭಿಮಾನ ಒಂದೊಂದು ಮೆಟ್ಟಿಲಿಗೂ ಜಗ್ಗುತ್ತಿತ್ತು. ಒಳಗೆ ಪಟ್ಟೆಹುಲಿ ಆಗಲೇ ಕೂತಿದ್ದ, ಕಣ್ಣು ಕೆಂಪಾಗಿತ್ತು. ಅವಳು ಕೂರುವ ಮುಂಚೆಯೇ, "ಮೇಡಂ ಹೇಳಿದ್ದೇ ಸರಿ," ಅಂದ ನಿರ್ದೇಶಕರಿಗೆ. "ನಾನು ಒಂದು ಪಟ್ಟೆ ತಪ್ಪಿಸಿದ್ದೆ, ಅದಕ್ಕೇ ಉಳಿದದ್ದನ್ನ ಹಳೇ ಕಾಲದ ಪಟ್ಟೆಗಳಿಗೆ ಹೊಂದಿಸಿಬಿಟ್ಟೆ. ಆ ಕಲ್ಲು ನಾನು ಅಂದುಕೊಂಡಷ್ಟು ಹಳೇದಲ್ಲ. ಚಪ್ಪಡಿ ಜೋರಾಗೇ ಓಡಿದೆ. ಅವರ ಜಾಗದಲ್ಲೇ ಕೊರೀಲಿ."

"ಇಲ್ಲ ಸಾರ್, ಅವರದೇ ಸರಿ," ಅಂದಳು ಸೂಜಿ ನಿಂತಲ್ಲೇ. "ನನ್ನ ಮಣ್ಣು ಮಲಗಿಬಿಟ್ಟಿದೆ. ಅವರ ಜಾಗದಲ್ಲಿ ಕೊರೀಬೇಕು."

"ಅದು ಹೇಗಾಗುತ್ತೆ? ನಾನು ಈಗ ತಾನೇ ತಪ್ಪು ಒಪ್ಪಿಕೊಂಡೆ."

"ನಾನೂ ಒಪ್ಪಿಕೊಂಡೆ. ನಿಮ್ಮದು ಸಣ್ಣ ತಪ್ಪು."

"ಸಣ್ಣದು ಅಂತ ನೀವು ಹೇಗೆ ಹೇಳ್ತೀರಿ? ನನ್ನ ತಪ್ಪು ಎಷ್ಟು ದೊಡ್ಡದು ಅಂತ ನನಗೆ ಗೊತ್ತಿಲ್ವಾ?"

ಮೊದಲಿಗಿಂತ ಜೋರಾಗಿ ಜಗಳ ಹತ್ತಿತು. ಅವನು ಅವಳ ಮಣ್ಣಿನ ಪರ, ಅವಳು ಅವನ ಪಟ್ಟೆಯ ಪರ. ನಿರ್ದೇಶಕರು ಇಬ್ಬರ ಮುಖವನ್ನೂ ಒಂದೊಂದಾಗಿ ನೋಡಿ, ಮೇಜಿನ ಗಂಟೆಯ ಮೇಲೆ ಕೈಯಿಟ್ಟರು. ನನ್ನ ನೌಕರಿಯಲ್ಲಿ ಕದನ ಎಷ್ಟೋ ನೋಡಿದ್ದೇನೆ, ಗೆದ್ದವರಿಬ್ಬರೂ ಸೋಲುತ್ತೇವೆ ಅಂತ ಹಟ ಹಿಡಿದದ್ದು ನೋಡಿಲ್ಲ ಅಂದರು. ಹೊರಗೆ ಹೋಗಿ ಒಂದು ತೀರ್ಮಾನಕ್ಕೆ ಬನ್ನಿ, ಬಂದಮೇಲೆ ನನಗೊಂದು ಮಾತು ತಿಳಿಸಿ. ಯಾವ ವಿಷಯದ ತೀರ್ಮಾನವಾದರೂ ಸರಿ ಅಂತ ಕಳಿಸಿದರು.

ಇಬ್ಬರೂ ಕ್ಯಾಂಟೀನಿನ ಮೂಲೆಯಲ್ಲಿ ತಣ್ಣಗಾದ ಟೀ ಮುಂದಿಟ್ಟುಕೊಂಡು ಕೂತರು. ಸಿಟ್ಟು ಇಳಿದಮೇಲೆ ದಾರಿ ತಾನಾಗೇ ಕಂಡಿತು. ಮಣ್ಣು ಒತ್ತಡಕ್ಕೆ ಮಲಗುತ್ತದೆ, ಅದರ ಕೆಳಗಿನ ಲಾವಾ ಕಲ್ಲು ಮಲಗುವುದಿಲ್ಲ. ಅವನು ತಪ್ಪಿಸಿದ ಆ ಸಣ್ಣ ಪಟ್ಟೆಯ ಮೇಲೆ, ಮಣ್ಣಿನ ಹೊದಿಕೆ ತೆಳುವಾಗಿರುವ ಕಡೆ ಕೊರೆದರೆ, ಕಲ್ಲಿನವರೆಗೂ ಹೋಗಬಹುದು. ಆಗ ಕಲ್ಲಿನ ವಯಸ್ಸೂ ಸಿಕ್ಕೀತು, ಬಾಗೂ ಸಿಕ್ಕೀತು. ನಕ್ಷೆಯ ಮೇಲೆ ಇಬ್ಬರ ಬೆರಳೂ ಒಂದೇ ಜಾಗಕ್ಕೆ ಹೋಗಿ ತಾಗಿದವು. ಇಬ್ಬರೂ ಹಿಂದಕ್ಕೆ ತೆಗೆಯಲಿಲ್ಲ.

"ನೀವೂ ಹಡಗಿಗೆ ಬರಬೇಕು," ಅಂದ ಅವನು. "ಕಲ್ಲು ಮೇಲೆ ಬಂದ ತಕ್ಷಣ ಅಳೆಯೋರು ಬೇಕು."

ಅವಳ ಮುಖ ಬಾಡಿತು. ಇಷ್ಟು ವರ್ಷ ಕಡಲ ತಳದ ಮಣ್ಣು ಮುಟ್ಟಿದವಳು ಒಂದು ದಿನಕ್ಕೂ ಹಡಗು ಹತ್ತಿರಲಿಲ್ಲ. ಪ್ರತಿ ಸಲವೂ ಅತ್ತೆ ಒಬ್ಬರೇ ಆಗುತ್ತಾರೆ ಅಂತ ಬೇರೆಯವರನ್ನು ಕಳಿಸುತ್ತಿದ್ದಳು. ಈಗಲೂ ಅದನ್ನೇ ಹೇಳಿದಳು. ಅವನು ಒತ್ತಾಯ ಮಾಡಲಿಲ್ಲ. ಹಾಗಾದರೆ ಕಲ್ಲನ್ನು ಜೋಪಾನವಾಗಿ ತಂದುಕೊಡ್ತೀನಿ ಅಂದ. ಆ ಮಾತಿನ ಮೆದುತನವೇ ಅವಳನ್ನು ರಾತ್ರಿಯಿಡೀ ಚುಚ್ಚಿತು.

ವಿಷಯ ಅತ್ತೆಯ ಕಿವಿಗೆ ಹೇಗೆ ಬಿತ್ತೋ. ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ ಸೂಜಿಯ ಎದುರು ಬಂದು ಕೂತರು.

"ಎಷ್ಟು ಸಲ ಹಡಗು ಬಿಟ್ಟೆ, ನನ್ನ ಹೆಸರು ಹೇಳಿ?"

"ನಿಮ್ಮನ್ನ ಒಬ್ಬರೇ ಬಿಟ್ಟು ಹೇಗೆ ಹೋಗ್ಲಿ ಅತ್ತೆ?"

"ನಾನು ಒಬ್ಬಳೇ ಎಲ್ಲಿದ್ದೀನಿ? ಬೆಳಗಾದ್ರೆ ಅರ್ಧ ಬೀದಿ ಈ ಅಂಗಡೀಲಿ ಕೂತಿರುತ್ತೆ." ಅತ್ತೆಯ ದನಿ ಇಳಿಯಿತು. "ಪುಟ್ಟಿ, ನಾನು ಮಿಷನ್ ತುಳಿದು ನಿನ್ನ ಸಾಕಿದ್ದು ನೀನು ನನ್ನ ಕಾವಲು ಕಾಯಲಿ ಅಂತ ಅಲ್ಲ. ಭಯ ಇದ್ರೆ ಭಯ ಅನ್ನು. ನನ್ನ ನೆಪ ಮಾಡ್ಕೋಬೇಡ."

ಸೂಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಭಯ ಇತ್ತು. ಇದ್ದವರೆಲ್ಲ ಒಮ್ಮೆ ಮನೆಯಿಂದ ಹೊರಗೆ ಹೋಗಿ ತಿರುಗಿ ಬಾರದ ಮನೆಯಲ್ಲಿ ಹುಟ್ಟಿದವಳಿಗೆ ಹೊಸ್ತಿಲು ದಾಟುವ ಭಯ. ಅತ್ತೆಯ ಮಡಿಲಲ್ಲಿ ಮುಖವಿಟ್ಟು, ಬಹಳ ವರ್ಷಗಳ ಮೇಲೆ, ಸಣ್ಣ ಹುಡುಗಿಯ ಹಾಗೆ ಅತ್ತಳು. ಅತ್ತೆ ಬೆನ್ನು ಸವರುತ್ತಾ, ಆ ಹುಡುಗ ಒಳ್ಳೆಯವನು ಅಂದರು, ಯಾರೂ ಕೇಳದಿದ್ದರೂ.

ಹಡಗು ಹೊರಟ ದಿನ ಅತ್ತೆ ಬಂದರಿನ ಕಟ್ಟೆಯ ಮೇಲೆ ನಿಂತು, ಕೈ ಬೀಸದೆ, ಹೋಗಿ ಬಾ ಅನ್ನುವ ಹಾಗೆ ತಲೆಯಾಡಿಸಿದರು. ಸೂಜಿಗೆ ಕಡಲ ಕಾಯಿಲೆ ಹಿಡಿಯಿತು. ಹಿಡಿದದ್ದು ಸಾಮಾನ್ಯವಾಗಿ ಅಲ್ಲ. ಎದ್ದರೆ ತಲೆ ಸುತ್ತು, ಮಲಗಿದರೆ ಹೊಟ್ಟೆ ತೊಳಸು. ಅವಳು ಬಕೆಟ್ ತಬ್ಬಿಕೊಂಡು, ಕೂದಲು ಕೆದರಿ, ಮಂಚಕ್ಕೆ ಅಂಟಿಕೊಂಡು ಬಿದ್ದಿದ್ದಳು. ಈ ಅವತಾರದಲ್ಲಿ ಅವನು ತನ್ನನ್ನು ನೋಡಬಾರದು ಅಂತ ಬಾಗಿಲು ಹಾಕಿಸಿದಳು.

ಅವನು ಬಾಗಿಲ ಹೊರಗೆ ಕೂತ. ಒಣ ಬ್ರೆಡ್ಡು, ನಿಂಬೆಹಣ್ಣಿನ ಹೋಳು ಬಾಗಿಲ ಸಂದಿಯಿಂದ ಒಳಗೆ ಬರುತ್ತಿದ್ದವು. ಅವಳ ಗಮನ ಹೊಟ್ಟೆಯ ಮೇಲಿಂದ ಬೇರೆ ಕಡೆ ಹೋಗಲಿ ಅಂತ ಅವನು ತನ್ನ ನಕ್ಷೆ ಬಿಚ್ಚಿಕೊಂಡು, ಹಡಗಿನ ಕೆಳಗೆ ಈಗ ಏನಿದೆ ಅಂತ ಹೇಳುತ್ತಿದ್ದ, ಬಸ್ಸಿನ ಕಂಡಕ್ಟರ್ ಸ್ಟಾಪು ಕೂಗುವ ಹಾಗೆ. ಈಗ ಬಯಲು. ಈಗ ಒಂದು ಬೆಟ್ಟ, ನಮ್ಮೂರಲ್ಲಿ ಇದ್ದಿದ್ದರೆ ಇದರ ತಲೆ ಮೋಡದಲ್ಲಿರುತ್ತಿತ್ತು. ಈಗ ಉತ್ತರದ ಪಟ್ಟೆ ಮುಗಿದು ದಕ್ಷಿಣದ ಪಟ್ಟೆ ಶುರು.

"ಇಳಿಯೋರು ಯಾರಾದ್ರೂ ಇದ್ದಾರಾ?" ಅಂತ ಕೇಳುತ್ತಿದ್ದ.

ಒಳಗಿನಿಂದ ನರಳಿಕೆಯಂಥ ನಗು ಬರುತ್ತಿತ್ತು. ಆ ನಗು ಕೇಳುವವರೆಗೂ ಅವನು ಎದ್ದು ಹೋಗುತ್ತಿರಲಿಲ್ಲ ಅಂತ ಹಡಗಿನ ಅಡುಗೆಯವನು ಆಮೇಲೆ ಅವಳಿಗೆ ಹೇಳಿದ. ಕೊನೆಗೆ ಒಂದು ಬೆಳಿಗ್ಗೆ ಅವಳಿಗೆ ಹಸಿವಾಯಿತು. ಎದ್ದು, ಮುಖ ತೊಳೆದು, ಗೋಡೆ ಹಿಡಿದುಕೊಂಡು ಬಾಗಿಲು ತೆರೆದಳು. ಬಾಗಿಲಿಗೆ ಒರಗಿ ನಿದ್ದೆ ಹೋಗಿದ್ದ ಪಟ್ಟೆಹುಲಿ ಹಿಂದಕ್ಕೆ ವಾಲಿ ಅವಳ ಕಾಲ ಬಳಿ ಬಿದ್ದ. ತಲೆಕೆಳಗಾಗಿ ಅವಳನ್ನು ನೋಡಿ, "ಬಣ್ಣ ಬಂದಿದೆ," ಅಂದ. ಅವಳ ಕೆನ್ನೆಗೆ ಆಗ ಇನ್ನಷ್ಟು ಬಂತು.

ಬಾವಿ ಕೊರೆದದ್ದು ಮೋಡವಿಲ್ಲದ ದಿನಗಳಲ್ಲಿ. ಮಣ್ಣು ದಾಟಿ, ಲಾವಾದ ಒಂದರ ಮೇಲೊಂದು ಪದರ ದಾಟುತ್ತಾ ಕೊಳವೆ ಇಳಿಯಿತು. ಮೊದಲ ಕಲ್ಲು ಮೇಲೆ ಬಂದಾಗ ಡೆಕ್ಕಿನ ಕೆಲಸಗಾರರೂ ಕೈ ನಿಲ್ಲಿಸಿ ನೋಡಿದರು. ಕಪ್ಪಗೆ, ಒದ್ದೆಯಾಗಿ, ತೋಳಿನ ಗಾತ್ರಕ್ಕಿತ್ತು. ಕೋಟ್ಯಂತರ ವರ್ಷ ಕತ್ತಲಲ್ಲಿದ್ದದ್ದು ಬಿಸಿಲಿಗೆ ಮಿನುಗಿತು. ಸೂಜಿ ಅದರ ಮೇಲೆ ಅಂಗೈ ಇಟ್ಟಳು. ಇಷ್ಟು ವರ್ಷ ಒಣಗಿದ ತುಂಡುಗಳನ್ನಷ್ಟೇ ಮುಟ್ಟಿದ್ದ ಅವಳಿಗೆ ಕಲ್ಲು ಇಷ್ಟು ತಣ್ಣಗಿರುತ್ತದೆ ಅಂತ ಗೊತ್ತಿರಲಿಲ್ಲ.

ಪದರ ಪದರವಾಗಿ ಅಳೆದು ಮುಗಿಸಿದ ದಿನ ಅವಳು ಡೆಕ್ಕಿಗೆ ಬಂದಳು. ಅವನು ಕೊನೆಯ ಕಲ್ಲನ್ನು ಬಕೆಟ್ ನೀರಲ್ಲಿ ತೊಳೆಯುತ್ತಿದ್ದ.

"ಏನಂತೆ?"

"ನಾನು ಹೇಳಿದಷ್ಟು ದೂರ ಅಲ್ಲ. ನೀವು ಹೇಳಿದಷ್ಟು ಹತ್ತಿರವೂ ಅಲ್ಲ. ಹೆಚ್ಚು ಕಮ್ಮಿ ನಡುವೆ."

ಅವನು ಜೋರಾಗಿ ನಕ್ಕುಬಿಟ್ಟ. ಅವನು ಹಾಗೆ ನಕ್ಕದ್ದನ್ನು ಅವಳು ನೋಡಿರಲಿಲ್ಲ. ಎದುರಿಗೆ ಕಡಲು ಕಣ್ಣು ಹಾಯಿಸಿದಷ್ಟು ದೂರ ನೀಲಿ, ಗಾಳಿ ಹಿತವಾಗಿತ್ತು.

"ಇನ್ನೊಂದು ವಿಷಯ ಇತ್ತು," ಅಂದಳು ಸೂಜಿ. "ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ಜಗಳ ಆಡುವಾಗಲೂ ಇಷ್ಟ. ಮದುವೆ ಆಗೋಣ ಅಂತ ಅನ್ನಿಸಿದೆ. ನಿಮಗೆ ಹೇಗೆ?"

ಕಲ್ಲು ಅವನ ಕೈಯಿಂದ ಬಕೆಟ್ಟಿಗೆ ಜಾರಿತು. ನೀರು ಇಬ್ಬರ ಮೇಲೂ ಚಿಮ್ಮಿತು.

"ಅತ್ತೆಯವರು..." ಅಂದ.

"ಅವರು ಒಪ್ಪಿ ಎಷ್ಟೋ ಕಾಲ ಆಯ್ತು. ನೀವೊಬ್ಬರು ಬಾಕಿ."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ. ಒಮ್ಮೆ ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ. "ನಾನು ಊರಿಗೆ ಹೋದಮೇಲೆ ಕೇಳೋಣ ಅಂತಿದ್ದೆ. ಇಲ್ಲಿ ಕೇಳಿ ನೀವು ಬೇಡ ಅಂದ್ರೆ, ನಡುಗಡಲಲ್ಲಿ ಓಡಿಹೋಗೋಕೆ ಜಾಗ ಇರಲ್ವಲ್ಲ ಅಂತ."

"ನನಗೂ ಅದೇ ಹೊಳೀತು. ಅದಕ್ಕೇ ಇಲ್ಲೇ ಕೇಳಿದೆ."

ಅವನು ಅವಳ ಕೈ ಹಿಡಿದುಕೊಂಡ. ಕಡಲ ತಳದ ಕಪ್ಪು ಕೆಸರು ಇಬ್ಬರ ಬೆರಳಿಗೂ ಮೆತ್ತಿತ್ತು. ಹೂಂ ಅನ್ನಲಿಲ್ಲ, ಅನ್ನುವ ಅಗತ್ಯವೂ ಇರಲಿಲ್ಲ. ಅವನ ಮುಖವೇ ಅಷ್ಟನ್ನೂ ಅನ್ನುತ್ತಿತ್ತು. ಇಬ್ಬರೂ ಹಾಗೇ ಕೂತಿದ್ದರು, ಬಿಸಿಲು ಡೆಕ್ಕಿನ ಈ ಹಲಗೆಯಿಂದ ಆ ಹಲಗೆಗೆ ಸರಿಯುವವರೆಗೆ.

ಕೆಳಗಿನಿಂದ ಅಡುಗೆಯವನು ಊಟಕ್ಕೆ ಗಂಟೆ ಹೊಡೆದ. ಪಟ್ಟೆಹುಲಿ ಎದ್ದು, ಅವಳ ಕಡೆಗೆ ಕೈ ಚಾಚಿದ. ಇಷ್ಟು ದಿನ ಬನ್ನಿ, ಹೋಗಿ, ಕೂತ್ಕೊಳ್ಳಿ ಅಂತಲೇ ಮಾತಾಡಿದ್ದವನು, ಗಂಟಲು ಸರಿಮಾಡಿಕೊಂಡು, ಬಲು ಮೆಲ್ಲಗೆ, "ಬಾ," ಅಂದ.